ಶುಗರ್ ಇದ್ದವರಿಗೆ ಅಂಗವಿಕಲರ ಪಿಂಚಣಿ ಸಿಗುತ್ತಾ?

ಶುಗರ್‌ನಿಂದ ಅಪ್ಪನ ಎಡಗಾಲಿನ ಎರಡು ಬೆರಳು ತೆಗೆದಿದ್ದಾರೆ, ಅಂಗವಿಕಲರ ಪಿಂಚಣಿ ಸಿಗುತ್ತಾ ಅಂತ ಅರಸೀಕೆರೆಯಿಂದ ಕೇಳಿದ್ದೀರಿ.

ಬರೀ ಶುಗರ್‌ಗೆ ಸಿಗುವುದಿಲ್ಲ ಸಾರ್. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಅದಿಲ್ಲ. ಅದರಿಂದ ಆದ ಹಾನಿಯನ್ನು ಮಾತ್ರ ಅಳೆಯುತ್ತಾರೆ, ಪಿಂಚಣಿಗೆ ಕನಿಷ್ಠ ಶೇ. 40 ಅಂಗವೈಕಲ್ಯ ಬೇಕು. ಬೆರಳಿನಿಂದ ಅಷ್ಟು ಬರಲ್ಲ. ಒಂದು ಪಾದದ ಐದೂ ಬೆರಳು ಹೋದರೂ ಶೇ. 20 ಅಷ್ಟೇ. ಕಾಲಲ್ಲಿ ಚಪ್ಪಲಿ ನಿಲ್ಲದವರ ಕಷ್ಟ ಈ ಲೆಕ್ಕಕ್ಕೆ ಎಲ್ಲಿ ಗೊತ್ತಾಗಬೇಕು, ಅಲ್ವಾ?

ಶುಗರ್ ಕಣ್ಣನ್ನೂ ಕೆಡಿಸಬಹುದು, ಅಪ್ಪನ ಕಣ್ಣು ಹೇಗಿದೆ? ಬಸ್ಸಿನ ಬೋರ್ಡು ಮಂಜಾಗಿ ಕಾಣುತ್ತಿದ್ದರೆ ಮೊದಲು ರೆಟಿನಾ (ಕಣ್ಣಿನ ಒಳಪರದೆ) ಪರೀಕ್ಷೆ ಮಾಡಿಸಿ. ಚಿಕಿತ್ಸೆಯ ನಂತರವೂ ದೃಷ್ಟಿ ತೀರಾ ಕಮ್ಮಿಯಿದ್ದರೆ ಕಣ್ಣು, ಕಾಲು ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಆಗ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಡಿಸ್ಚಾರ್ಜ್ ಸಮ್ಮರಿ ಹಿಡಿದು ಹಾಸನದ ಜಿಲ್ಲಾಸ್ಪತ್ರೆಗೆ ಹೋಗಿ. ಪಿಂಚಣಿ ಅರ್ಜಿ ಆಮೇಲೆ, ನಾಡಕಚೇರಿಯಲ್ಲಿ.