ಆ ದನದ ಕೊಟ್ಟಿಗೆ ಎಲ್ಲಿ ಹೋಯಿತು?

ನಮಸ್ಕಾರ.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿರುವ ಸ್ಲಿಪ್ಪರ್ ಚಾಪೆಲ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಾಲ್ಸಿಂಗ್‌ಹ್ಯಾಮ್ ಮಾತೆಯ, ಅಂದರೆ ಆ ಊರಿನ ಮೇರಿ ಮಾತೆಯ, ದರ್ಶನಕ್ಕೆ ಹೊರಟವರು ಕೊನೆಯ ಮೈಲಿಗೆ ಮುಂಚೆ ಪಾದರಕ್ಷೆ ಬಿಡಲು ನಿಲ್ಲುತ್ತಿದ್ದ ಪುಟ್ಟ ಗುಡಿ ಅದು. ವಿಷಯ ಚೆನ್ನಾಗಿದೆ, ಇಸವಿಗಳು ಸರಿ ಇವೆ, ಕಾಗುಣಿತದ ತಪ್ಪಿಲ್ಲ. ಆದರೂ ಹೀಗೇ ಅಚ್ಚಿಗೆ ಕಳಿಸಲು ನನಗೆ ಮನಸ್ಸಿಲ್ಲ. ಮೂರು ಸಲ ಓದಿದೆ. ಮೂರು ಸಲವೂ ಒಂದೇ ಜಾಗದಲ್ಲಿ ಸಿಟ್ಟು ಬಂತು.

ಮೂರನೇ ಪುಟದ ಈ ಸಾಲು: ‘ಕಾಲಚಕ್ರ ಉರುಳಿದಂತೆ ಈ ಪವಿತ್ರ ತಾಣವು ವಿಸ್ಮೃತಿಗೆ ಸರಿದು, 1896ರಲ್ಲಿ ಪುನಃ ಬೆಳಕು ಕಂಡಿತು.’

ವಾಲ್ಸಿಂಗ್‌ಹ್ಯಾಮ್‌ನ ಮಠ ಮುಚ್ಚಿದ 1538ರಿಂದ 1896. ಲೆಕ್ಕ ಹಾಕಿ ನೋಡಿ, 358 ವರ್ಷ. ಅಷ್ಟನ್ನೂ ಒಂದೇ ನೆಗೆತಕ್ಕೆ ದಾಟಿಬಿಟ್ಟಿದ್ದೀರಿ. ಆ ವರ್ಷಗಳಲ್ಲಿ ಗುಡಿ ಯಾವ ವಿಸ್ಮೃತಿಗೂ ಸರಿದಿರಲಿಲ್ಲ. ಅಲ್ಲೇ ಇತ್ತು. ಬಡವರನ್ನು ಇರಿಸುವ ಮನೆಯಾಗಿತ್ತು, ಕಣಜವಾಗಿತ್ತು, ದನದ ಕೊಟ್ಟಿಗೆಯಾಗಿತ್ತು. ಸುಮಾರು 1340ರಲ್ಲಿ ಸಂತ ಕ್ಯಾಥರೀನಳ ಹೆಸರಲ್ಲಿ ಕಟ್ಟಿದ ಗುಡಿ. ಅದರ ಕೆತ್ತನೆಯ ಕಲ್ಲುಗೋಡೆಯ ಒಳಗೆ ಹುಲ್ಲು ಮೆಲ್ಲುವ ದನ! ಇಂಥ ಚಿತ್ರ ಕೈಗೆ ಸಿಕ್ಕಾಗ ‘ಕಾಲಚಕ್ರ’ ಯಾಕೆ ಬೇಕಿತ್ತು?

ಇನ್ನೂ ಒಂದು ಮಾತು. ವಾಲ್ಸಿಂಗ್‌ಹ್ಯಾಮ್‌ನ ದೊಡ್ಡ ಮಠ ಎಷ್ಟು ಉಳಿದಿದೆ? ಎತ್ತರದ ಒಂದು ಕಮಾನು, ಅಲ್ಲಲ್ಲಿ ಒಂದಿಷ್ಟು ಗೋಡೆ. ದಾರಿಬದಿಯ ಈ ಪುಟ್ಟ ಗುಡಿ ಮಾತ್ರ ನಿಂತೇ ಇತ್ತು. ದನಕ್ಕೆ ಸೂರು ಬೇಕಿತ್ತು, ಅದಕ್ಕೇ ಗೋಡೆ ಉಳಿಯಿತು ಅಂತ ನನಗನ್ನಿಸುತ್ತದೆ. ನಿಮ್ಮ ಲೇಖನದ ಜೀವ ಇರುವುದು ಅಲ್ಲೇ. ನೀವು ಅದನ್ನೇ ಬಿಟ್ಟಿದ್ದೀರಿ.

ನನಗೆ ಇಷ್ಟು ಸಿಟ್ಟು ಬರಲು ಕಾರಣವಿದೆ. ನಾನು ಪತ್ರಿಕೆಗೆ ಸೇರಿದ ಮೊದಲ ವರ್ಷ, ಬಾಗಿಲು ಮುಚ್ಚಿದ ಒಂದು ಹಳೆಯ ಅಚ್ಚುಕೂಟದ ಬಗ್ಗೆ ಬರೆದಿದ್ದೆ. ‘ಕಾಲದ ಹೊಡೆತಕ್ಕೆ ಸಿಲುಕಿ ನಿಂತುಹೋಯಿತು’ ಅಂತ ಮುಗಿಸಿದ್ದೆ. ನಮ್ಮ ಸುದ್ದಿ ಸಂಪಾದಕರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: “ಕಾಲ ಬಂದು ಬೀಗ ಹಾಕ್ತಾ?” ಅಷ್ಟೇ. ನಾನು ಮಾರನೇ ದಿನ ಮತ್ತೆ ಹೋದೆ. ಬೀಗ ಹಾಕಿದ್ದು ಯಜಮಾನರ ಮಗಳು. ಸಾಲ ತೀರಿಸಲು ಅಚ್ಚಿನ ಮೊಳೆಗಳನ್ನೆಲ್ಲ ಗುಜರಿಗೆ ತೂಕಕ್ಕೆ ಹಾಕಿದ್ದರು. ‘ಳ’ ಅಕ್ಷರದ ಒಂದೇ ಒಂದು ಮೊಳೆ ಮಾತ್ರ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಇತ್ತು. ನಾನು ಮೊದಲ ಸಲ ಹೋದಾಗಲೂ ಅದು ಅಲ್ಲೇ ಇತ್ತು, ನಾನು ನೋಡಿರಲಿಲ್ಲ. ಅವತ್ತಿನಿಂದ ‘ಕಾಲ’ ಏನಾದರೂ ಮಾಡಿತು ಅಂತ ಯಾರಾದರೂ ಬರೆದರೆ ನನ್ನ ಪೆನ್ನು ಅಲ್ಲೇ ನಿಲ್ಲುತ್ತದೆ.

ಈಗ ಇನ್ನೊಂದು ಸಾಲು: ‘ಸರ್ಕಾರಿ ಆದೇಶದ ಮೇರೆಗೆ ಮಠವು ಮುಚ್ಚಲ್ಪಟ್ಟಿತು, ಮಾತೆಯ ವಿಗ್ರಹವು ಲಂಡನ್ನಿಗೆ ಒಯ್ಯಲ್ಪಟ್ಟು ಸುಡಲ್ಪಟ್ಟಿತು.’ ಮುಚ್ಚಿಸಿದ್ದು ಯಾರು? ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಆಳ್ವಿಕೆ ಅದು. ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ, 1511ರಲ್ಲಿ ಮಗ ಹುಟ್ಟಿದ ಖುಷಿಗೆ ಅದೇ ಹೆನ್ರಿ ವಾಲ್ಸಿಂಗ್‌ಹ್ಯಾಮ್‌ಗೆ ಯಾತ್ರೆ ಬಂದ, ಬರಿಗಾಲಲ್ಲಿ ನಡೆದ ಅಂತ ಅಲ್ಲಿನವರು ಇವತ್ತಿಗೂ ಹೇಳುತ್ತಾರೆ ಅಂತ. ಆ ಮಗು ಎರಡು ತಿಂಗಳೂ ಬದುಕಲಿಲ್ಲ. 27 ವರ್ಷ ಕಳೆದ ಮೇಲೆ ಅದೇ ರಾಜನ ಕಾಲದಲ್ಲಿ ಆ ಮಾತೆಯ ವಿಗ್ರಹ ಬೆಂಕಿಗೆ ಹೋಯಿತು. ಎರಡೂ ಸಂಗತಿ ನಿಮ್ಮ ಕೈಯಲ್ಲೇ ಇದ್ದವು. ನಡುವೆ ಒಂದು ಪುಟದ ಅಂತರ, ಜೊತೆಗೆ ಮೂರು ‘ಲ್ಪಟ್ಟು’. ಓದುಗರಿಗೆ ಇಬ್ಬರೂ ಒಬ್ಬನೇ ಅಂತ ಗೊತ್ತಾಗುವುದೇ ಇಲ್ಲ.

1896ರ ಸಾಲಿಗೂ ಇದೇ ರೋಗ: ‘ಭಕ್ತೆಯೊಬ್ಬರಿಂದ ಜೀರ್ಣೋದ್ಧಾರಗೊಂಡಿತು.’ ಆ ಭಕ್ತೆಗೆ ಹೆಸರಿದೆ, ಶಾರ್ಲೆಟ್ ಪಿಯರ್ಸನ್ ಬಾಯ್ಡ್. ಅನಾಥ ಮಕ್ಕಳ ಮನೆ ನಡೆಸುತ್ತಿದ್ದವರು, ಮಠಗಳ ಹಳೆಯ ಆಸ್ತಿಯನ್ನು ತಮ್ಮ ಹಣದಿಂದ ಬಿಡಿಸಿಕೊಳ್ಳುತ್ತಿದ್ದವರು. ಕೊಟ್ಟಿಗೆಯನ್ನು ಕೊಂಡು ಮತ್ತೆ ಗುಡಿ ಮಾಡಿದರು. ಆದರೆ ಮರುವರ್ಷ ಮಾತೆಯ ಪೀಠ ಸ್ಥಾಪನೆಯಾಗಿದ್ದು ಕಿಂಗ್ಸ್ ಲಿನ್ ಎಂಬ ಬೇರೆ ಊರಿನಲ್ಲಿ. ಈ ಗುಡಿಗೆ ಯಾತ್ರಿಕರ ದೊಡ್ಡ ಗುಂಪು ಬಂದಿದ್ದು 1934ರಲ್ಲಿ. ಬಾಯ್ಡ್ 1906ರಲ್ಲೇ ತೀರಿಕೊಂಡಿದ್ದರು. ಅವರು ಅದನ್ನು ನೋಡಲೇ ಇಲ್ಲ. ಅಂಥವರನ್ನು ‘ಭಕ್ತೆಯೊಬ್ಬರು’ ಅಂತ ಸುಮ್ನೆ ಕೈಬಿಡಬಾರದು.

ಪೀಠಿಕೆಯ ಒಂದು ಪುಟ ಪೂರ್ತಿ ತೆಗೆದುಬಿಡಿ. ದನದಿಂದ ಶುರು ಮಾಡಿ. ಪಾದರಕ್ಷೆ ಬಿಟ್ಟು ನಡೆಯುವ ಭಾಗದಲ್ಲಿ ನೀವು ಬರೆದ ‘ಕಲ್ಲು ಚುಚ್ಚಿದಾಗ ಪ್ರಾರ್ಥನೆ ನಿಲ್ಲುತ್ತಿತ್ತು, ಮುಂದಿನ ಹೆಜ್ಜೆಗೆ ಮತ್ತೆ ಶುರುವಾಗುತ್ತಿತ್ತು’ ಎಂಬ ಸಾಲನ್ನು ಮುಟ್ಟಬೇಡಿ. ಒಂದು ಅಕ್ಷರವನ್ನೂ. ತಿದ್ದಿದ ಪ್ರತಿಯನ್ನು ನೇರ ನನ್ನ ಹೆಸರಿಗೇ ಕಳಿಸಿ, ಕಾಯುತ್ತಿರುತ್ತೇನೆ.