ವಿಜ್ಞಾನ ಪ್ರಶ್ನೋತ್ತರ: ಅನುರಣಕ ಕಿರಿದಾದರೆ ಸಂಕೇತವೂ ಕುಗ್ಗುತ್ತದೆಯೆ?

ಪ್ರಶ್ನೆ: ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳನ್ನು ಕಾಂತಕ್ಷೇತ್ರ ಮತ್ತು ಮೈಕ್ರೋವೇವ್‌ಗಳಿಂದ ಪತ್ತೆಹಚ್ಚುವ ನಮ್ಮ ವಿಭಾಗದ ಎಲೆಕ್ಟ್ರಾನ್ ಸ್ಪಿನ್ ಅನುರಣನ (ಇಎಸ್‌ಆರ್) ಯಂತ್ರದ ವಿದ್ಯುತ್ಕಾಂತವೇ ಅರ್ಧ ಕೋಣೆಯನ್ನು ಹಿಡಿದಿದೆ. ಹೊತ್ತೊಯ್ಯಬಹುದಾದ ಯಂತ್ರಕ್ಕೆ ಮೈಕ್ರೋವೇವ್ ಅನುರಣಕವನ್ನು (ಮಾದರಿಯನ್ನಿಟ್ಟು ಅದರ ಸುತ್ತ ಮೈಕ್ರೋವೇವ್ ಶಕ್ತಿಯನ್ನು ಹಿಡಿದಿಡುವ ಭಾಗ) ಕಿರಿದು ಮಾಡಬೇಕೆಂದು ಓದಿದ್ದೇನೆ. ಹಾಗೆ ಮಾಡಿದರೆ ಕ್ಯೂ ಮೌಲ್ಯ (ಅನುರಣಕ ಶಕ್ತಿಯನ್ನು ಎಷ್ಟು ಕಡಿಮೆ ನಷ್ಟದಲ್ಲಿ ಹಿಡಿದಿಡುತ್ತದೆ ಎಂಬುದರ ಅಳತೆ) ಇಳಿಯುತ್ತದೆ, ಸಂಕೇತವೂ ಇಳಿಯುವುದಿಲ್ಲವೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕ್ಯೂ ಇಳಿಯುವುದು ನಿಜ. ಆದರೆ ಶಕ್ತಿಮೂಲ ಒಂದೇ ಆಗಿದ್ದಾಗ ಸಂಕೇತದ ಬಲ ಕ್ಯೂ ಮತ್ತು ಭರ್ತಿ ಅಂಶ ಇವೆರಡರ ಗುಣಲಬ್ಧವನ್ನು ಅನುಸರಿಸುತ್ತದೆ. ಅನುರಣಕದಲ್ಲಿರುವ ಕಾಂತೀಯ ಶಕ್ತಿಯಲ್ಲಿ ಎಷ್ಟು ಪಾಲು ಮಾದರಿಯ ಮೇಲೆ ಬೀಳುತ್ತದೆ ಎಂಬುದೇ ಭರ್ತಿ ಅಂಶ. 9.5 ಗಿಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 3.2 ಸೆಂ.ಮೀ. ಆಗಿರುವುದರಿಂದ, ನಿಮ್ಮ ಯಂತ್ರದಲ್ಲಿರಬಹುದಾದ ಆಯತಾಕಾರದ ಕುಹರ (ಲೋಹದ ಟೊಳ್ಳು ಪೆಟ್ಟಿಗೆಯಂಥ ಅನುರಣಕ) 4 ಸೆಂ.ಮೀ.ಗೂ ಹೆಚ್ಚು ಉದ್ದವಿರಲೇಬೇಕು. ಅದರೊಳಗೆ ಇಳಿಬಿಟ್ಟ 1 ಮಿ.ಮೀ. ನಳಿಕೆಗೆ ಸಿಗುವ ಪಾಲು ತೀರ ಅಲ್ಪ. ಕಿರಿದಾದ ಅನುರಣಕದಲ್ಲಿ ಕ್ಯೂ ಕೆಲವು ಸಾವಿರಗಳಿಂದ ಕೆಲವು ನೂರುಗಳಿಗೆ ಇಳಿದರೂ ಭರ್ತಿ ಅಂಶದ ಏರಿಕೆ ಆ ನಷ್ಟವನ್ನು ತುಂಬಿ ಮಿಗುತ್ತದೆ. ಇದು ಮಾದರಿ ಚಿಕ್ಕದಾಗಿದ್ದಾಗ ಮಾತ್ರ ಸಲ್ಲುವ ಮಾತು. ನೀರಿನಂಶವಿಲ್ಲದ ಮಾದರಿ ಧಾರಾಳವಾಗಿ ಸಿಗುವಂತಿದ್ದು ಅದರಲ್ಲಿ ಸ್ಪಿನ್‌ಗಳು ವಿರಳವಾಗಿದ್ದರೆ ಹಳೆಯ ಕುಹರವೇ ಮೇಲು.

ತರಂಗದೂರದ ಕಟ್ಟಿನಿಂದ ಬಿಡಿಸಿಕೊಳ್ಳಲು ಫ್ರೊಂಚಿಶ್ (Froncisz) ಮತ್ತು ಹೈಡ್ 1982ರಲ್ಲಿ ವಿವರಿಸಿದ ಲೂಪ್-ಗ್ಯಾಪ್ ವಿನ್ಯಾಸವನ್ನು ನೋಡಿ. ಲೋಹದಲ್ಲಿ ಕೊರೆದ ರಂಧ್ರ ಪ್ರೇರಕವಾಗಿಯೂ (ಇಂಡಕ್ಟರ್), ರಂಧ್ರದಿಂದ ಹೊರಟ ಸೀಳು ಧಾರಕವಾಗಿಯೂ (ಕೆಪಾಸಿಟರ್) ವರ್ತಿಸುತ್ತವೆ. ಅಂಚುಗಳ ಪರಿಣಾಮವನ್ನು ಬದಿಗಿಟ್ಟರೆ, ರಂಧ್ರದ ತ್ರಿಜ್ಯ 1 ಮಿ.ಮೀ., ಸೀಳಿನ ಅಗಲ 0.1 ಮಿ.ಮೀ. ಮತ್ತು ಆಳ 0.8 ಮಿ.ಮೀ. ಇದ್ದಾಗ ಆವೃತ್ತಿ ಸುಮಾರು 9.5 ಗಿಗಾಹರ್ಟ್ಸ್ ಬರುತ್ತದೆ. ಅನುರಣಕದ ಉದ್ದ ಈ ಲೆಕ್ಕದೊಳಗೆ ಬರುವುದೇ ಇಲ್ಲ. ವಿದ್ಯುತ್ ಕ್ಷೇತ್ರ ಬಹುಮಟ್ಟಿಗೆ ಸೀಳಿನಲ್ಲೂ ಕಾಂತಕ್ಷೇತ್ರ ರಂಧ್ರದಲ್ಲೂ ನಿಲ್ಲುವುದರಿಂದ, ಮೈಕ್ರೋವೇವನ್ನು ಹೀರಿಬಿಡುವ ಜಲದ್ರಾವಣಗಳಿಗೂ ಇದು ಒಗ್ಗುತ್ತದೆ.

ನಿಜವಾದ ತೊಡಕು ಇರುವುದು ಕಾರ್ಯಾಗಾರದಲ್ಲಿ. ಆವೃತ್ತಿ ಸೀಳಿನ ಅಗಲದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, 0.1 ಮಿ.ಮೀ. ಸೀಳಿನಲ್ಲಿ 10 ಮೈಕ್ರಾನ್ ತಪ್ಪಿದರೂ ಆವೃತ್ತಿ ಸುಮಾರು 5 ಶೇಕಡ, ಎಂದರೆ 450 ಮೆಗಾಹರ್ಟ್ಸ್‌ಗೂ ಮಿಗಿಲಾಗಿ ಸರಿಯುತ್ತದೆ. ಆದ್ದರಿಂದ ಮೊದಲು ಅನುರಣಕವನ್ನು ಕೊರೆಸಿ, ಅದರ ಆವೃತ್ತಿಯನ್ನು ಅಳೆದು, ಆಮೇಲೆ ಮೈಕ್ರೋವೇವ್ ಮೂಲವನ್ನು ಕೊಳ್ಳುವುದು ಜಾಣತನವೆಂದು ನನ್ನ ಅಭಿಪ್ರಾಯ.

ಈ ವಿನ್ಯಾಸ ತೆರೆದ ತುದಿಗಳಿಂದ ವಿಕಿರಣವನ್ನು ಹೊರಸೂಸುತ್ತದೆ; ಸುತ್ತಲೂ ಲೋಹದ ಕವಚ ಬೇಕು. ಕವಚದ ಒಳವ್ಯಾಸ 18 ಮಿ.ಮೀ.ಗಿಂತ ಕಿರಿದಾಗಿದ್ದರೆ ಈ ಆವೃತ್ತಿಯ ತರಂಗ ಅದರೊಳಗೆ ಮುಂದುವರಿಯಲಾರದು. ನಿಮ್ಮ ಅರ್ಧ ಕೋಣೆಗೆ ಪರಿಹಾರ ದೊರೆಯುವುದು ಇಲ್ಲಿಯೇ: ಕಾಂತಧ್ರುವಗಳ ನಡುವೆ ಒಂದೂವರೆ ಸೆಂಟಿಮೀಟರಿನಷ್ಟು ಜಾಗ ಸಾಕಾದಾಗ, ಬೇಕಾದ 0.34 ಟೆಸ್ಲಾ ಕ್ಷೇತ್ರವನ್ನು ನಿಯೋಡಿಮಿಯಂ ಶಾಶ್ವತ ಕಾಂತಗಳೇ ಕೊಡಬಲ್ಲವು. ಆದರೆ ತಾಪ 1 ಡಿಗ್ರಿ ಏರಿದರೆ ಅವುಗಳ ಕ್ಷೇತ್ರ ಸುಮಾರು 0.1 ಶೇಕಡ, ಅಂದರೆ ಮೂರು ನಾಲ್ಕು ಗಾಸ್ (1 ಟೆಸ್ಲಾ ಎಂದರೆ 10,000 ಗಾಸ್) ಕುಸಿಯುತ್ತದೆ. ಹಲವು ರೋಹಿತ ರೇಖೆಗಳ ಅಗಲ ಅದಕ್ಕಿಂತ ಕಡಿಮೆಯಾದ್ದರಿಂದ ತಾಪ ನಿಯಂತ್ರಣವನ್ನು ಮರೆಯುವಂತಿಲ್ಲ.

ಪ್ರಶ್ನೆ: ಲೋಹದ ಬದಲು ಸೆರಾಮಿಕ್ ಅಥವಾ ಹರಳಿನ ಅನುರಣಕವನ್ನು ಬಳಸಬಹುದೆ?
– ಇನ್ನೊಬ್ಬ ಓದುಗರು

ಉತ್ತರ: ಬಳಸಬಹುದು. ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕದ (ವಿದ್ಯುತ್ ಕ್ಷೇತ್ರದಲ್ಲಿ ಅದು ಎಷ್ಟು ಧ್ರುವೀಕರಣಗೊಳ್ಳುತ್ತದೆ ಎಂಬುದರ ಅಳತೆ) ವರ್ಗಮೂಲಕ್ಕೆ ತಕ್ಕಂತೆ ಗಾತ್ರ ಕುಗ್ಗುತ್ತದೆ: ನೀಲಮಣಿಗೆ ಈ ಸ್ಥಿರಾಂಕ ಸುಮಾರು 10, ರೂಟೈಲ್‌ಗೆ 100ರ ಆಸುಪಾಸು, ಸ್ಟ್ರಾನ್ಷಿಯಂ ಟೈಟನೇಟ್‌ಗೆ ಸುಮಾರು 300. ಕೊನೆಯ ಎರಡರ ಸ್ಥಿರಾಂಕ ತಾಪದೊಡನೆ ಬಹಳ ಬದಲಾಗುವುದರಿಂದ, ಬಿಸಿಲಿಗೂ ನೆರಳಿಗೂ ಒಯ್ಯಬೇಕಾದ ಯಂತ್ರಕ್ಕೆ ನಾನು ಅವನ್ನು ಶಿಫಾರಸು ಮಾಡುವುದಿಲ್ಲ. ನೀಲಮಣಿಯನ್ನು ಆರಿಸಿದರೆ ಅತಿಶುದ್ಧವಾದುದನ್ನೇ ತರಿಸಿ. ಅದರಲ್ಲಿ ಉಳಿದಿರುವ ಕಬ್ಬಿಣ, ಕ್ರೋಮಿಯಂ ಅಯಾನುಗಳಿಗೂ ತಮ್ಮದೇ ಇಎಸ್‌ಆರ್ ಸಂಕೇತವಿದೆ.