ಆ ಕೆಂಪು ಚೀಲ ಚಿಚಾ ಅಂಗಡಿಯ ಗುರುತು
ಪೆರುವಿನ ಕುಸ್ಕೊ ಹತ್ತಿರದ ಹಳ್ಳಿಗಳಲ್ಲಿ ಮನೆ ಬಾಗಿಲ ಬಳಿ ಕೋಲಿಗೆ ಕೆಂಪು ಪ್ಲಾಸ್ಟಿಕ್ ಚೀಲ ಯಾಕೆ ಕಟ್ಟಿರುತ್ತಾರೆ ಅಂತ ಕೇಳಿದ್ದೀರಿ. ಹರಕೆ, ದೃಷ್ಟಿ ಏನೂ ಅಲ್ಲ. ಒಳಗೆ ಚಿಚಾ ಸಿಗುತ್ತದೆ, ಬನ್ನಿ ಅಂತ ಅರ್ಥ, ಅಷ್ಟೇ.

ಚಿಚಾ ಮುಸುಕಿನ ಜೋಳದ ಹುಳಿ ಪಾನೀಯ, ಒಂದು ಲಘು ಮದ್ಯ. ಕಾಳು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಪುಡಿ ಮಾಡುತ್ತಾರೆ, ನಮ್ಮ ರಾಗಿ ಮಾಲ್ಟ್‌ಗೆ ಮಾಡುವ ಹಾಗೆಯೇ. ಆಮೇಲೆ ಗಂಟೆಗಟ್ಟಲೆ ಕುದಿಸಿ, ಸೋಸಿ, ಕೆಲವು ದಿನ ಹುದುಗಲು ಬಿಡುತ್ತಾರೆ. ದೊಡ್ಡ ಗಾಜಿನ ಲೋಟದಲ್ಲಿ, ಮೇಲೆ ನೊರೆ ಇರುವಾಗಲೇ ಕೊಡುತ್ತಾರೆ. ಕುಡಿಯುವ ಮೊದಲು ಸ್ವಲ್ಪ ನೆಲಕ್ಕೆ ಚೆಲ್ಲುವುದು ವಾಡಿಕೆ. ಅದು ಪಚಮಾಮಾ, ಅಂದರೆ ಭೂಮಿತಾಯಿಯ ಪಾಲು. ಪಕ್ಕದವರು ಚೆಲ್ಲಿದರೆ ಕೈತಪ್ಪಿತು ಅಂದುಕೊಳ್ಳಬೇಡಿ!

ಹಿಂದೆ ಅಲ್ಲಿ ಆಳಿದ ಇಂಕಾ ದೊರೆಗಳ ಕಾಲದಲ್ಲಿ ಬೆಟ್ಟದ ಜನರ ದಿನದ ಊಟ ಜಾಸ್ತಿ ಆಲೂಗಡ್ಡೆಯೇ. ಜೋಳಕ್ಕೆ ಮಾತ್ರ ಹಬ್ಬದ, ಪೂಜೆಯ ಗೌರವ. ಎತ್ತರದ ಚಳಿಗೆ ಅದು ಸುಲಭವಾಗಿ ಬರುವ ಬೆಳೆಯಲ್ಲ. ಅದಕ್ಕೇ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲ ಕಟ್ಟಿ, ಕಾಲುವೆ ನೀರು ಹರಿಸಿದರು. ಸರದಿಯ ಮೇಲೆ ರಾಜ್ಯದ ಕೆಲಸಕ್ಕೆ ಬಂದವರಿಗೆ ದೊರೆಯ ಕಡೆಯಿಂದ ಊಟ, ಚಿಚಾ ಎರಡೂ ಸಿಗಬೇಕಿತ್ತು. ಅದನ್ನು ತಯಾರಿಸಲೆಂದೇ ಅಕ್ಲಾ ಎಂಬ ಆಯ್ದ ಹೆಣ್ಣುಮಕ್ಕಳಿದ್ದರು. ಚಿಚಾ ಇಲ್ಲದೆ ಆ ಆಡಳಿತ ನಡೆಯುತ್ತಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ.

ಮದ್ಯ ಬೇಡವೇ? ಚಿಚಾ ಮೊರಾದಾ ಕೇಳಿ. ನೇರಳೆ ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದ ಜೊತೆ ಕುದಿಸಿ ಮಾಡುತ್ತಾರೆ, ಹುದುಗಿಸುವುದಿಲ್ಲ.